ಇಪ್ಪತ್ತೆರಡು ದೂರುಗಳು

"ಎಲ್ಲಿ? ಎಲ್ಲಿ ಹೋಯ್ತು ಎಲ್ಲಾ?"

ಹಾಡುಗಾತಿ ಪಿಯಾನೊದ ಮುಚ್ಚಳ ಎತ್ತಿ ಹಿಡಿದು ಒಳಗೆ ಬಗ್ಗಿ ನೋಡಿದಳು. ಬೆಳಿಗ್ಗೆ ಅವಳು ಅಭ್ಯಾಸ ಮುಗಿಸಿ ಮನೆಗೆ ಹೋದಾಗ ಒಳಗಿನ ತಂತಿಗಳ ನಡುವೆ ಇಪ್ಪತ್ತೆರಡು ಸಾಮಾನುಗಳಿದ್ದವು. ಸ್ಕ್ರೂಗಳು, ರಬ್ಬರ್ ತುಂಡುಗಳು, ತಲೆಪಿನ್ನುಗಳು, ಒಂದು ಟೀ ಚಮಚ. ಈಗ ಬರೀ ತಂತಿಗಳು, ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಸಾಲಾಗಿ ಹೊಳೆಯುತ್ತಿದ್ದವು.

"ಎಲ್ಲಾ ತೆಗ್ದು ಶ್ರುತಿ ಮಾಡಿಟ್ಟಿದ್ದೀನಿ ಕಣಮ್ಮಾ," ಎಂದರು ಪಿಯಾನೊ ರಿಪೇರಿಯ ಅಜ್ಜ, ಸಲಕರಣೆಗಳನ್ನು ಚೀಲಕ್ಕೆ ತುಂಬುತ್ತಾ. "ಯಾವ ತುಂಟ ಮಕ್ಕಳು ತುರುಕಿದ್ವೋ! ಪಾಪ, ಉಸಿರಾಡೋಕೂ ಜಾಗ ಇರ್ಲಿಲ್ಲ ಅದಕ್ಕೆ."

"ಮಕ್ಕಳಲ್ಲ ಅಜ್ಜ. ನಾನೇ."

ಸಭಾಂಗಣದ ಬಾಗಿಲು ಕಿರ್ರೆಂದಿತು. ಒಳಗೆ ಬಂದ ಮೇಲ್ವಿಚಾರಕಿ ಆ ಮಾತು ಕೇಳಿ ನಾಲಿಗೆ ಕಚ್ಚಿಕೊಂಡಳು. ಧೂಳು ಒರೆಸುವಾಗ ಒಂದು ಕೀ ಒತ್ತಿ, ತಗಡಿನ ಸದ್ದು ಕೇಳಿ, ಸಂಜೆ ಹಾಡಲಿರುವ ತಂಡದವರ ಮರ್ಯಾದೆ ಹೋಗುತ್ತದಲ್ಲ ಎಂದು ಮರುಗಿ, ಅಜ್ಜನಿಗೆ ಫೋನ್ ಮಾಡಿದವಳು ಅವಳೇ.

ಹಾಡುಗಾತಿ ಸ್ಟೂಲಿನ ಮೇಲೆ ಕುಸಿದಳು. "ಆರು ಗಂಟೆಗೆ ಜನ ಬರ್ತಾರೆ. ನಮ್ಮ ಹಾಡಿಗೆ ಬೇಕಾದ ವಿಚಿತ್ರ ಸದ್ದು ಬರ್ಲಿ ಅಂತ ಮೂರು ದಿನ ಕೂತು, ಕಿವಿ ಕೊಟ್ಟು, ಒಂದೊಂದನ್ನೇ ಸಿಕ್ಕಿಸಿದ್ದೆ. ಒಂದು ಕೂದಲೆಳೆ ಆಚೀಚೆ ಆದ್ರೂ ಸದ್ದು ಬೇರೆ. ಎಲ್ಲೂ ಬರ್ದಿಟ್ಕೊಂಡಿಲ್ಲ." ಅವಳ ತಂಡಕ್ಕೆ ನಿಜವಾದ ಪಿಯಾನೊ ಇರುವ ಸಭಾಂಗಣ ಸಿಕ್ಕಿದ್ದು ಇದೇ ಮೊದಲು. ಈ ಸಂಜೆ ಚೆನ್ನಾಗಿ ಆದರೆ ತಿಂಗಳಿಗೊಂದು ಸಂಜೆ ನಿಮಗೇ ಎಂದು ಆಡಳಿತದವರು ಮಾತು ಕೊಟ್ಟಿದ್ದರು. ಇಲ್ಲವಾದರೆ ಮತ್ತೆ ಡ್ರಮ್ಮಿನವನ ಅಕ್ಕನ ಹೊಲಿಗೆ ಅಂಗಡಿಯ ಹಿಂದಿನ ಕೋಣೆ.

ಅಜ್ಜ ತುಂಬಿದ ಚೀಲವನ್ನು ಮತ್ತೆ ಬಿಚ್ಚಿ ಒಂದು ಬಿಸ್ಕತ್ತಿನ ಡಬ್ಬಿ ಹೊರಗಿಟ್ಟರು. ಒಳಗೆ ಇಪ್ಪತ್ತೆರಡು ಕಾಗದದ ಪೊಟ್ಟಣ, ಒಂದೊಂದರ ಮೇಲೂ ಕೀ ಎಷ್ಟನೆಯದೆಂಬ ಸಂಖ್ಯೆ. "ಪಿಯಾನೊ ಒಳಗೆ ಸಿಕ್ಕಿದ್ದನ್ನ ನಾನು ಎಸೆಯೋದಿಲ್ಲ ಮಗೂ. ಒಂದ್ಸಲ ಒಬ್ರ ಮದುವೆ ಉಂಗುರ ಸಿಕ್ಕಿತ್ತು, ಇನ್ನೊಂದ್ಸಲ ಒಂದು ಹಾಲುಹಲ್ಲು. ಯಾರಾದ್ರೂ ಹುಡುಕ್ಕೊಂಡು ಬಂದೇ ಬರ್ತಾರೆ."

"ಜಾಗ, ಅಜ್ಜ? ತಂತಿಯ ಮೇಲೆ ಎಲ್ಲಿತ್ತು ಅಂತ?"

"ಅದು ಗೊತ್ತಿಲ್ಲ." ಅವರು ಜೇಬಿನಿಂದ ಉದ್ದನೆಯ ನೋಟ್‌ಬುಕ್ ತೆಗೆದರು. "ಆದ್ರೆ ಮುಚ್ಚಳ ತೆಗೆಯೋಕೆ ಮುಂಚೆ ಒಂದೊಂದು ಕೀನೂ ಒತ್ತಿ, ಏನು ತೊಂದರೆ ಅಂತ ಬರ್ಕೋತೀನಿ. ನಲವತ್ತಾರು ವರ್ಷದ ಅಭ್ಯಾಸ." ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಓದಿದರು. "ಎಡಗಡೆಯಿಂದ ಹದಿನೆಂಟನೇದು, ನೆಗಡಿ ಹಿಡಿದ ಹಾಗೆ. ಮೂವತ್ತೊಂದು, ಖಾಲಿ ಡಬ್ಬಿಯೊಳಗೆ ಜೀರುಂಡೆ. ನಲವತ್ತು, ಯಾರೋ ತಟ್ಟೆ ಬೀಳಿಸಿ, ಗೊತ್ತಾಗದಿರಲಿ ಅಂತ ಕಾಲಲ್ಲಿ ಅದುಮಿ ಹಿಡಿದ ಹಾಗೆ."

ಹಾಡುಗಾತಿ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಅದೇ! ಆ ತಟ್ಟೆ ಸಲುವಾಗಿ ಒಂದಿಡೀ ದಿನ ಒದ್ದಾಡಿದ್ದೆ ಅಜ್ಜ!"

ಅವಳು ಕೀ ಒತ್ತುತ್ತಾ ಹೋದಳು. ಅಜ್ಜ ಪೊಟ್ಟಣ ಬಿಚ್ಚಿ ತಂತಿಯ ಮೇಲೆ ಸ್ಕ್ರೂವನ್ನು ಕೂದಲೆಳೆಯಷ್ಟೇ ಸರಿಸುತ್ತಾ ಹೋದರು. ಮೇಲ್ವಿಚಾರಕಿ ಕರೆಯದೆಯೇ ಬಂದು ಟಾರ್ಚ್ ಹಿಡಿದಳು. "ಉಹೂಂ, ಇದಿನ್ನೂ ಆರೋಗ್ಯವಾಗಿದೆ," ಎನ್ನುವರು ಅಜ್ಜ. "ಇನ್ನೊಂಚೂರು ಕೆಡ್ಸಿ ಅಜ್ಜ," ಎನ್ನುವಳು ಅವಳು. "ನನ್ನ ಗುರುಗಳು ಇದ್ದಿದ್ರೆ ಕಿವಿ ಹಿಂಡ್ತಿದ್ರು," ಎಂದು ಗೊಣಗುತ್ತಲೇ ಅವರು ಕೆಡಿಸುವರು.

"ನಾನೂ ಸಂಜೆ ಕೂರಬಹುದಾ?" ಎಂದು ಹದಿನೈದನೆಯ ಪೊಟ್ಟಣ ಬಿಚ್ಚುವಾಗ ಅಜ್ಜ ಕೇಳಿದರು.

"ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ಆದ್ರೆ ಮೊದ್ಲೇ ಹೇಳ್ಬಿಡ್ತೀನಿ. ಡ್ರಮ್ಮಿನವನು ಬಕೆಟ್ಟೂ ಬಡೀತಾನೆ. ಇನ್ನೊಬ್ಬಳು ಒದ್ದೆ ಬೆರಳಲ್ಲಿ ಗಾಜಿನ ಲೋಟ ಉಜ್ತಾಳೆ. ಹಾಡು ಮುಗೀತೋ ಇಲ್ವೋ ಗೊತ್ತಾಗಲ್ಲ. ಜನ ಮಧ್ಯದಲ್ಲೇ ಎದ್ದು ಹೋಗ್ತಾರೆ."

"ಎಲ್ಲಾರೂ?"

"ಹೋದ್ಸಲ ಹದಿನೇಳು ಜನ ಉಳ್ಕೊಂಡ್ರು."

"ಪರವಾಗಿಲ್ವೇ! ನನ್ನ ಕೆಲಸ ಕೇಳೋಕೆ ಒಬ್ರೂ ಕೂತಿದ್ದಿಲ್ಲ. ಶ್ರುತಿ ಮಾಡೋವಾಗ ಮನೆಯವ್ರೆಲ್ಲಾ ಹಿತ್ತಲಿಗೆ ಓಡ್ತಾರೆ."

ಆರಕ್ಕೆ ಹತ್ತು ನಿಮಿಷವಿದ್ದಾಗ ಒಂದೇ ಒಂದು ಪೊಟ್ಟಣ ಉಳಿದಿತ್ತು, ಇಪ್ಪತ್ತೇಳನೆಯ ಕೀಯದು. ಹಾಡುಗಾತಿ ಆ ಕೀಯನ್ನು ಒಂದು ಸಲ ಒತ್ತಿ ಕೇಳಿದಳು. ಮತ್ತೊಂದು ಸಲ ಒತ್ತಿದಳು. ಆಮೇಲೆ ಪೊಟ್ಟಣವನ್ನು ಅಜ್ಜನ ಕೈಯಲ್ಲೇ ಮಡಚಿಟ್ಟಳು. "ಇದೊಂದು ನೀವು ಮಾಡಿದ ಹಾಗೇ ಇರ್ಲಿ."

"ಹಾಡು ಕೆಟ್ಟುಹೋದೀತು ಕಣಮ್ಮಾ."

"ನೋಡೋಣ."

ಅವಳು ಹೇಳಿದ್ದೆಲ್ಲ ಆಯಿತು. ಬಕೆಟ್ ಢಣಢಣಗುಟ್ಟಿತು, ಲೋಟ ಗುಂಯ್‌ಗುಟ್ಟಿತು, ನೆಗಡಿ ಹಿಡಿದ ತಂತಿಯೂ ಜೀರುಂಡೆಯೂ ಒಂದಕ್ಕೊಂದು ಉತ್ತರ ಕೊಟ್ಟವು. ಜನರೂ ಎದ್ದು ಹೋದರು. ಬಾಗಿಲು ನಾಲ್ಕು ಸಲ ಕಿರ್ರೆಂದಿತು. ಪ್ರತಿ ಸಲವೂ ಮೇಲ್ವಿಚಾರಕಿಗೆ ತಾನೇ ತಪ್ಪು ಮಾಡಿದಂತಾಯಿತು. ನಾಳೆಯೇ ಎಣ್ಣೆ ಬಿಡಬೇಕು ಅಂದುಕೊಂಡಳು.

ಕೊನೆಯ ಹಾಡಿನಲ್ಲಿ ಎಲ್ಲ ಸದ್ದುಗಳೂ ಒಂದೊಂದಾಗಿ ನಿಂತವು. ಹಾಡುಗಾತಿ ಇಪ್ಪತ್ತೇಳನೆಯ ಕೀಯೊಂದನ್ನೇ ಒತ್ತಿ, ಸ್ವರ ನಿಲ್ಲದಂತೆ ಪೆಡಲ್ ಮೇಲೆ ಕಾಲಿಟ್ಟು, ಕೈ ಮಡಿಲಿಗೆ ತೆಗೆದುಕೊಂಡಳು. ಅಷ್ಟು ಗದ್ದಲದ ಬಳಿಕ ಆ ಒಂದು ಸ್ವರ, ತೊಳೆದಿಟ್ಟಂತೆ, ಸಭಾಂಗಣದ ಮೂಲೆಮೂಲೆಗೂ ನಡೆದುಹೋಯಿತು. ಮೇಲ್ವಿಚಾರಕಿ ಚಪ್ಪಾಳೆಗೆ ಕೈ ಎತ್ತಿದಳು. ಅಜ್ಜ ಅವಳ ಮಣಿಕಟ್ಟು ಹಿಡಿದರು. "ತಡಿಯಮ್ಮಾ, ಇನ್ನೂ ಇದೆ."

ಹಿಂದೆ, ಮನೆಗೆ ಹೊರಟು ಬಾಗಿಲ ಹಿಡಿಯ ಮೇಲೆ ಕೈಯಿಟ್ಟಿದ್ದವನೊಬ್ಬ, ತೆರೆದರೆ ಕಿರ್ರೆಂದೀತೆಂದು, ಉಸಿರು ಬಿಗಿಹಿಡಿದು ಹಾಗೇ ನಿಂತಿದ್ದ.