ಪಟ್ಟಿಯಲ್ಲಿ ನಾಲ್ಕನೆಯ ಹೆಸರು

ಕ್ಲೀವ್‌ಲ್ಯಾಂಡಿನ ರೇಡಿಯೊದಲ್ಲಿ ದಿನಾ ಬೆಳಿಗ್ಗೆ ಕೋರ್ಟ್ ತೀರ್ಪುಗಳನ್ನು ಓದುವುದು ಮೃಣಾಲಿನಿಯ ಕೆಲಸ. ಒಡಹುಟ್ಟಿದವರಿಗೆ ಕಿಡ್ನಿ ಬೇಕಾದರೆ ಕೊಡಲೇಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದು ಆರು ವರ್ಷವಾಗಿತ್ತು. ಕೊಡಲು ಇಷ್ಟವಿಲ್ಲದವರು ಒಡಹುಟ್ಟಿದವರಿಗೆ ತಿಳಿಸದೆಯೇ ಕೋರ್ಟಿಗೆ ಹೋಗಿ ಸಂಬಂಧವನ್ನೇ ರದ್ದು ಮಾಡಿಸಿಕೊಳ್ಳುತ್ತಿದ್ದರು. ಅಂಥವರ ಹೆಸರುಗಳನ್ನೂ ಅವಳೇ ಓದಬೇಕು.

ಮೃಣಾಲಿನಿಯ ಎರಡು ಕಿಡ್ನಿಗಳೂ ಕೆಟ್ಟಿದ್ದವು. ತಂಗಿ ಸುನೀತಿಯ ಕಿಡ್ನಿ ಹೊಂದುತ್ತದೆಂದು ಡಾಕ್ಟರು ಗುರುವಾರಕ್ಕೆ ಆಪರೇಷನ್ ಇಟ್ಟಿದ್ದರು. ಭಾನುವಾರವಷ್ಟೇ ಸುನೀತಿ ಮನೆಗೆ ಬಂದು, "ಹೆದರಬೇಡ ಅಕ್ಕ, ನಾನಿದ್ದೀನಲ್ಲ" ಎಂದು ಕೈ ಹಿಡಿದುಕೊಂಡಿದ್ದಳು.

ಮಂಗಳವಾರದ ಪಟ್ಟಿಯಲ್ಲಿ ನಾಲ್ಕನೆಯದು ಅವರಿಬ್ಬರದೇ ಹೆಸರು. ಮೃಣಾಲಿನಿ ದನಿ ನಡುಗದಂತೆ ಅದನ್ನು ಪೂರ್ತಿ ಓದಿದಳು. ಹೊರಗೆ ಬಂದು ತಂಗಿಗೆ ಫೋನ್ ಮಾಡಿದಳು.

"ನೀನು ಅರ್ಜಿ ಹಾಕಿ ಮೂರು ತಿಂಗಳಾಗಿದೆ ಅಂತ ತೀರ್ಪಲ್ಲಿದೆ. ಮತ್ತೆ ಭಾನುವಾರ ಯಾಕೆ ಬಂದೆ, ಸುನೀತಿ?"

ಸುನೀತಿ ಹೇಳಿದಳು: "ತೀರ್ಪು ಬರೋವರೆಗೂ ನಿಮಗೆ ಅನುಮಾನ ಬರಬಾರದು ಅಂತ ವಕೀಲರು ಹೇಳಿದ್ರು."

ಹುಟ್ಟಿದಾಗಿನಿಂದ ಅವಳು ಅಕ್ಕನನ್ನು 'ನೀವು' ಎಂದದ್ದೇ ಇಲ್ಲ. ಮೃಣಾಲಿನಿ ಫೋನ್ ಇಟ್ಟಳು. ಗುರುವಾರ ಬರುವುದಿಲ್ಲವೆಂದು ತಿಳಿಸಲು ಆಸ್ಪತ್ರೆಯ ನಂಬರ್ ಒತ್ತಿದಳು.