ಬೀಗದೊಳಗಿನ ಆಟಿಕೆಗಳು

“ನಮ್ಮ ಮಕ್ಕಳು ಆಟಕ್ಕೆ ಕೂತರೆ ಕಾಗೆಗಳೂ ಕಿಟಕಿಯಲ್ಲಿ ಸಾಲಾಗಿ ಕೂತು ಎಣಿಕೆ ಕಲಿಯುತ್ತವೆ, ಮೇಡಂ. ಒಂದಕ್ಕಂತೂ ಈಗ ಮಗ್ಗಿಯೇ ಬರುತ್ತದೆ!” ಎಂದರು ಜಲಜಾ ಟೀಚರ್, ಕಪಾಟಿನ ಬೀಗ ತೆಗೆಯುತ್ತ. ಅವರ ಬಾಯಿಯಲ್ಲಿ ಇರುವೆಯೂ ಆನೆಯಾಗಿಯೇ ಹೊರಬರುತ್ತಿತ್ತು.

ಅಂಬಲಪಾಡಿಯ ಆ ಅಂಗನವಾಡಿಗೆ ಬಂದಿದ್ದ ಮೇಲ್ವಿಚಾರಕಿ ನಕ್ಕರು. “ಕಾಗೆ ಇರಲಿ ಜಲಜಕ್ಕ, ಮಕ್ಕಳನ್ನು ತೋರಿಸಿ. ನೀವು ಕಳಿಸುವ ಫೋಟೋ ನೋಡಿಯೇ ನಾನು ಓಡಿ ಬಂದದ್ದು. ಆಟದಲ್ಲೇ ಪಾಠ ಹೇಗೆಂದು ಉಳಿದ ಟೀಚರುಗಳಿಗೆ ನೀವೇ ಕಲಿಸಬೇಕು.”

“ಅದೆಂತ ದೊಡ್ಡ ವಿಷಯ!” ಜಲಜಾ ಟೀಚರ್ ಕಪಾಟಿನಿಂದ ಆಟಿಕೆಗಳ ಬುಟ್ಟಿ ತೆಗೆದು ಚಾಪೆಯ ಮೇಲೆ ಸುರಿದರು. ಮಕ್ಕಳು ಓಡಿ ಬಂದು ಒಂದೊಂದು ಆಟಿಕೆಯನ್ನು ಅದರ ಪ್ಲಾಸ್ಟಿಕ್ ಚೀಲದಿಂದ ಬಿಡಿಸಿ ಎತ್ತಿಕೊಂಡರು. ಅದನ್ನು ಕೆನ್ನೆಯ ಪಕ್ಕ ಹಿಡಿದು, ಮೇಲ್ವಿಚಾರಕಿಯ ಕೈಯ ಮೊಬೈಲಿನತ್ತ ತಿರುಗಿ, ಹಲ್ಲು ಬಿಟ್ಟು ನಿಂತರು. ಯಾರೂ ಅಲುಗಾಡಲಿಲ್ಲ. “ಆಡಿ ಮಕ್ಕಳೇ, ಆಡಿ!” ಎಂದು ಟೀಚರ್ ಗೋಗರೆದರು. ನಗು ಇನ್ನಷ್ಟು ಅಗಲವಾಯಿತು, ಅಷ್ಟೇ. ಯಶ್ಮಿತಾ ತುಟಿ ಅಲುಗಿಸದೆ ಕೇಳಿದಳು, “ಫೋಟೋ ಆಯ್ತಾ ಟೀಚರ್? ವಾಪಸ್ ಇಡುವುದಾ?” ಉತ್ತರಕ್ಕೂ ಕಾಯದೆ ಕರಿಬಸವ ತನ್ನ ಮರದ ಬಸ್ಸನ್ನು ಮತ್ತೆ ಅದರ ಚೀಲದೊಳಗೆ ತೂರಿಸಿ, ಹರಿಯದಂತೆ ಬಾಯಿ ಮಡಚಿ, ಬುಟ್ಟಿಯಲ್ಲಿ ಮಲಗಿಸಿದ. ಉಳಿದವರೂ ತಮ್ಮ ತಮ್ಮ ಚೀಲ ಹುಡುಕತೊಡಗಿದರು.

ಜಲಜಾ ಟೀಚರಿಗೆ ಬೇಕೆಂದರೂ ಒಂದು ಸುಳ್ಳು ಸಿಗಲಿಲ್ಲ. “ಮುರಿದರೆ ಬೇರೆ ಬರುವುದಿಲ್ಲ ಅಂತ ಆಟಿಕೆ ಕೊಡುವಾಗಲೇ ಆಫೀಸಿನವರು ಅಂದಿದ್ದರು, ಮೇಡಂ. ಹೆದರಿ ಬೀಗ ಹಾಕಿಟ್ಟೆ. ಫೋಟೋಕ್ಕೆ ಮಾತ್ರ ತೆಗೆಯುವುದು. ಇವರು ಇದರಲ್ಲಿ ಒಂದು ದಿನವೂ ಆಡಲಿಲ್ಲ.”