ಎರಡನೆಯ ಸಾಲಿನಿಂದ

ಹುಬ್ಬಳ್ಳಿಯ ನನ್ನ ಗಿಟಾರ್ ರಿಪೇರಿ ಅಂಗಡಿಯಲ್ಲಿ ಬೆಳಗಿನಿಂದ ಅದೇ ಜಗಳ.

"ಸಿಡಿಲು ಬ್ಯಾಂಡ್ ಇಲ್ಲಂದ್ರ ಈಗಿನ ಹುಡುಗ್ರಿಗೆ ಗಿಟಾರ್ ಹಿಡ್ಯಾಕ ಬರ್ತಿರಲಿಲ್ಲ, ನೀಲಕ್ಕಾ," ಎಂದ ಡ್ರಮ್ ಬಾರಿಸುವ ಮೋದಿನ್.

"ಬರೇ ಹೆಸರು ದೊಡ್ಡದು," ಎಂದೆ. "ಅವರ ಲೀಡರ್ ನಲವತ್ತು ವರ್ಷದ ಹಾಡು ಒಂದೂ ಬಿಡದ ಹಾಡ್ತಾನ. ಯಾರರ ಅವನಿಂದ ಕಲ್ತಿದ್ರ ಅವು ಅವನಿಗೆ ನೆನಪಿರ್ತಿದ್ವೇನು?"

ಒಬ್ಬರ ಧಾಟಿಯನ್ನು ಇನ್ನೊಬ್ಬರು ಕಲಿತ ಕ್ಷಣವೇ ಮೊದಲಿನವರಿಗೆ ಅದು ಮರೆತುಹೋಗುತ್ತದೆಂಬುದು ಕೂಸಿಗೂ ಗೊತ್ತು.

ಮೋದಿನ್ ಮೂಲೆಯಲ್ಲಿ ಕೂತಿದ್ದ ನನ್ನಪ್ಪನ ಕಡೆ ನೋಡಿದ. ಒಂದು ಕಾಲಕ್ಕೆ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತ ಊರೂರು ತಿರುಗಿದ ಅಪ್ಪನಿಗೆ ಈಗ ಉಳಿದಿರುವುದು ಒಂದೇ ಧಾಟಿ, ನನ್ನ ತೊಟ್ಟಿಲು ತೂಗುವಾಗ ಗುನುಗುತ್ತಿದ್ದದ್ದು.

"ಹಂಗಾದ್ರ ನಿಮ್ಮಪ್ಪಾರ ಎಲ್ಲಾರಿಗಿಂತ ದೊಡ್ಡಾವ್ರು. ನಿಮಗ ಏನ್ ಕಲಿಸ್ಯಾರ?"

"ಏನೂ ಇಲ್ಲ."

ಅಷ್ಟರಲ್ಲಿ ಅಪ್ಪ ಗುನುಗತೊಡಗಿದ, ಎರಡನೆಯ ಸಾಲಿನಿಂದ. ಮೊದಲನೆಯದನ್ನು ಚಿಕ್ಕವಳಿದ್ದಾಗ ತಿಳಿಯದೆ ನಾನು ಕಲಿತುಬಿಟ್ಟಿದ್ದೆ. ಉಳಿದದ್ದೂ ಕಿವಿಗೆ ಬಿದ್ದು ನನ್ನದಾಗುವ ಮೊದಲೇ, ದಿನವೂ ಮಾಡುವಂತೆ, ಡ್ರಿಲ್ ಮೆಷಿನ್ ಚಾಲೂ ಮಾಡಿದೆ.